ತೊಟ್ಟಿನಡಿಯ ಬೇಟೆಗಾರ

ಚನ್ನರಾಯಪಟ್ಟಣ ಸೀಮೆಯ ತೆಂಗಿನ ತೋಟಗಳಲ್ಲಿ ಕಾಯಿಯ ತೊಟ್ಟಿನ ಕೆಳಗೆ ಕಂದುಗಟ್ಟಿದ, ಬಿರುಕು ಬಿಟ್ಟ ಒರಟು ಕಲೆ ಕಂಡರೆ ಅದು ನುಸಿಯ ಕೆಲಸವೆಂದು ಯಾರೂ ಹೇಳಿಕೊಡಬೇಕಿಲ್ಲ. ಆದರೆ ಅದೇ ತೊಟ್ಟಿನ ಎಸಳುಗಳ ಅಡಿಯಲ್ಲಿ ಇನ್ನೊಂದು ಜಾತಿಯ ನುಸಿಯೂ ಇರಬಹುದು ಎಂಬುದು ಬಹಳ ಮಂದಿಗೆ ಗೊತ್ತಿಲ್ಲ. ಅದಕ್ಕೆ ಕಾಯಿಯ ರಸ ಬೇಕಿಲ್ಲ. ಕಾಯಿಯನ್ನು ಕೆಡಿಸುವ ನುಸಿಯನ್ನೇ ಹಿಡಿದು, ಚುಚ್ಚಿ, ಒಳಗಿನ ದ್ರವವನ್ನು ಹೀರಿಬಿಡುತ್ತದೆ. ನಿಯೋಸಿಯುಲಸ್ ಬರಾಕಿ ಎಂಬುದು ಅದರ ವೈಜ್ಞಾನಿಕ ಹೆಸರು.

ಮೊದಲು ಪೀಡೆಯ ಕಥೆ. ತೆಂಗಿನ ನುಸಿಯನ್ನು 1965ರಲ್ಲಿ ಅಮೆರಿಕದ ವಿಜ್ಞಾನಿ ಕೀಫರ್ ಮೆಕ್ಸಿಕೋದ ಗೆರೆರೋ ಪ್ರಾಂತ್ಯದ ಮಾದರಿಗಳಿಂದ ಗುರುತಿಸಿ ಹೆಸರಿಟ್ಟರು. ಭಾರತದಲ್ಲಿ ಅದು ವರದಿಯಾದದ್ದು 1998ರಲ್ಲಿ, ಕೇರಳದ ಎರ್ನಾಕುಲಂ ಜಿಲ್ಲೆಯಲ್ಲಿ. ಗಾಳಿಯೇ ಅದರ ವಾಹನವಾದ್ದರಿಂದ ಕೆಲವೇ ವರ್ಷಗಳಲ್ಲಿ ಕರ್ನಾಟಕ, ತಮಿಳುನಾಡಿನ ತೋಟಗಳಿಗೂ ಹಬ್ಬಿತು. ಉದ್ದ ಸುಮಾರು ಕಾಲು ಮಿಲಿಮೀಟರ್, ಹುಳುವಿನಂಥ ಮೈ, ಎರಡೇ ಜೊತೆ ಕಾಲು. ವಾರ ಹತ್ತು ದಿನಕ್ಕೆ ಒಂದು ಪೀಳಿಗೆ ಮುಗಿಯುವುದರಿಂದ ಒಂದೇ ಎಳೆಗಾಯಿಯಲ್ಲಿ ಸಾವಿರಾರು ನುಸಿ ಸೇರುತ್ತವೆ. ಹರಳು ಉದುರುತ್ತದೆ, ಉಳಿದ ಕಾಯಿ ಸಣ್ಣದಾಗುತ್ತದೆ, ಮಟ್ಟೆ ಗಟ್ಟಿಯಾಗಿ ಸುಲಿಯಲು ಕಷ್ಟವಾಗುತ್ತದೆ, ಕೊಬ್ಬರಿಯ ತೂಕ ಇಳಿಯುತ್ತದೆ.

ಆ ವರ್ಷಗಳಲ್ಲಿ ರೈತರು ಪಟ್ಟ ಪಾಡು ಸಣ್ಣದಲ್ಲ. ಎತ್ತರದ ಮರಕ್ಕೆ ಔಷಧ ಹೊಡೆದರೂ ಬಿಗಿಯಾಗಿ ಕೂತ ಎಸಳಿನ ಅಡಿಗೆ ಅದು ಇಳಿಯದು. ಹಾಗಾಗಿ ಎಳೆಯ ಬೇರನ್ನು ಕತ್ತರಿಸಿ, ಔಷಧದ ಪೊಟ್ಟಣ ಕಟ್ಟಿ ಬೇರಿಗೇ ಉಣಿಸುವ ದಾರಿಯೂ ಬಂತು.

ಔಷಧ ಇಳಿಯದ ಆ ಸಂದಿಗೆ ಬರಾಕಿ ಇಳಿಯುತ್ತದೆ. ಅದರ ಮೈ ಚಪ್ಪಟೆ, ಉದ್ದುದ್ದ. ಬೆನ್ನಿನ ಕೂದಲು ಗಿಡ್ಡ. ಇಕ್ಕಟ್ಟಿನಲ್ಲಿ ನುಸುಳಲು ಬೇಕಾದದ್ದು ಇದೇ ಮೈಕಟ್ಟು. ಆದರೂ ಒಂದು ತೊಡಕಿದೆ, ಅದನ್ನು ಮುಚ್ಚಿಟ್ಟರೆ ರೈತರಿಗೆ ಮೋಸ ಮಾಡಿದಂತೆ. ಆರೋಗ್ಯವಾದ ಎಳೆಗಾಯಿಯ ಎಸಳು ಎಷ್ಟು ಬಿಗಿಯೆಂದರೆ, ತೀರಾ ಸಪೂರವಾದ ಪೀಡೆಯ ನುಸಿ ಮಾತ್ರ ಮೊದಲು ಒಳಹೋಗಬಲ್ಲದು. ಅದು ಹಾನಿ ಮಾಡಿದ ಮೇಲೆ ಸಂದಿ ಅಗಲವಾಗುತ್ತದೆ, ಬೇಟೆಗಾರನಿಗೆ ಬಾಗಿಲು ತೆರೆಯುವುದು ಆಗಲೇ. ಬರಾಕಿ ಯಾವಾಗಲೂ ಸ್ವಲ್ಪ ತಡವಾಗಿ ಬರುತ್ತದೆ. ಕಲೆಯೇ ಇಲ್ಲದ ಕಾಯಿಯನ್ನು ಅದು ಕೊಡಲಾರದು. ಪೀಡೆಯ ಸಂಖ್ಯೆಯನ್ನು ತಗ್ಗಿಸಬಲ್ಲದು. ಶ್ರೀಲಂಕಾದ ತೆಂಗು ಸಂಶೋಧನಾ ಸಂಸ್ಥೆ ಇದೇ ಭರವಸೆಯಿಂದ, ದಾಸ್ತಾನು ಆಹಾರದಲ್ಲಿ ಬೆಳೆಯುವ ಬೇರೊಂದು ನುಸಿಯನ್ನು ಮೇವಾಗಿ ಕೊಟ್ಟು ಬರಾಕಿಯನ್ನು ಸಾಕಿ ಮರಗಳಿಗೆ ಬಿಟ್ಟಿದೆ.

ಬರಾಕಿ ಸೇರಿದ ಫೈಟೋಸಿಯಿಡ್ ಕುಟುಂಬದ ನುಸಿಗಳಿಗೆ ಕಣ್ಣೇ ಇಲ್ಲ. ಮುಂಗಾಲುಗಳಿಂದ ತಡಕುತ್ತಾ, ವಾಸನೆ ಹಿಡಿದು ಓಡುತ್ತವೆ. ಆ ವಾಸನೆ ಎಲ್ಲಿಂದ ಬರುತ್ತದೆ ಎಂಬುದು ಇಡೀ ಕಥೆಯಲ್ಲೇ ಸೊಗಸಾದ ಭಾಗ. ನುಸಿ ಕಡಿದ ಗಿಡ ತಾನೇ ಗಾಳಿಗೆ ಕೆಲವು ರಾಸಾಯನಿಕಗಳನ್ನು ಬಿಡುತ್ತದೆ, ಬೇಟೆಗಾರ ನುಸಿ ಅದರ ಜಾಡು ಹಿಡಿದು ಬರುತ್ತದೆ. ನೆದರ್‌ಲ್ಯಾಂಡ್ಸ್‌ನ ಮಾರಿಸ್ ಸಾಬೆಲಿಸ್ ಮತ್ತು ಮಾರ್ಸೆಲ್ ಡಿಕೆ 1980ರ ದಶಕದಲ್ಲಿ ಇದನ್ನು ಪ್ರಯೋಗಗಳಿಂದ ತೋರಿಸಿದರು.

ಹೊಳೆನರಸೀಪುರ, ಅರಕಲಗೂಡು ಕಡೆ ತರಕಾರಿ ಬೆಳೆಯುವವರಿಗೆ ಬರಾಕಿಗಿಂತ ಅದರ ದಾಯಾದಿ ನಿಯೋಸಿಯುಲಸ್ ಲಾಂಜಿಸ್ಪೈನೋಸಸ್ ಹೆಚ್ಚು ಉಪಕಾರಿ. ಬೀನ್ಸ್, ಬದನೆಯ ಎಲೆಯಡಿ ಬಲೆ ನೇಯುವ ಕೆಂಪು ನುಸಿ ಅದರ ಮೇವು. ಇದೇ ಕೆಲಸಕ್ಕೆ ಹೊರದೇಶಗಳ ಹಸಿರುಮನೆಗಳಲ್ಲಿ ಫೈಟೋಸಿಯುಲಸ್ ಪರ್ಸಿಮಿಲಿಸ್ ಎಂಬ ನುಸಿಯನ್ನು ಡಬ್ಬಿಗಳಲ್ಲಿ ಮಾರುತ್ತಾರೆ. 1958ರಲ್ಲಿ ಚಿಲಿಯಿಂದ ಜರ್ಮನಿಗೆ ಹೋದ ಆರ್ಕಿಡ್ ಗಿಡಗಳ ಜೊತೆ ಅದು ಕಣ್ಣಿಗೆ ಬಿದ್ದಿತ್ತು. ಆಫ್ರಿಕಾದಲ್ಲಿ ಇನ್ನೂ ದೊಡ್ಡ ಗೆಲುವು ಸಿಕ್ಕಿತು. ಮರಗೆಣಸನ್ನು ಹಾಳುಗೆಡವುತ್ತಿದ್ದ ಹಸಿರು ನುಸಿಯ ಮೇಲೆ ಬ್ರೆಜಿಲ್‌ನ ಬೇಟೆಗಾರ ನುಸಿಯೊಂದನ್ನು 1993ರಲ್ಲಿ ಬೆನಿನ್ ದೇಶದಲ್ಲಿ ಬಿಡಲಾಯಿತು, ಅದು ಅಲ್ಲಿಂದ ನೆರೆದೇಶಗಳಿಗೂ ಹಬ್ಬಿ ನೆಲೆಯೂರಿತು.

ನುಸಿಗಳ ಅಧ್ಯಯನದಲ್ಲಿ ಕರ್ನಾಟಕ ಹಿಂದೆ ಬಿದ್ದ ನಾಡಲ್ಲ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿ. ಪಿ. ಚನ್ನಬಸವಣ್ಣನವರು ಭಾರತದ ಎರಿಯೋಫಿಡ್ ನುಸಿಗಳ ಬಗ್ಗೆ 1966ರಲ್ಲೇ ಪುಸ್ತಕ ಹೊರತಂದಿದ್ದರು. ತೆಂಗಿನ ನುಸಿ ಆ ಗುಂಪಿನದೇ, ಅದು ಇಲ್ಲಿಗೆ ಬಂದದ್ದು ಮೂರು ದಶಕಗಳ ನಂತರ. ಇಷ್ಟು ಜ್ಞಾನ ನಮ್ಮಲ್ಲೇ ಇದ್ದೂ ಹೊಲದಲ್ಲಿ ಎಲ್ಲ ನುಸಿಯನ್ನೂ ಒಂದೇ ಎಂದು ಕೊಲ್ಲುತ್ತಿರುವುದು ಬೇಸರದ ಸಂಗತಿ.

ಈ ಬೇಟೆಗಾರನ ದೊಡ್ಡ ಶತ್ರು ಸಿಂಪಡಣೆಯ ಡ್ರಮ್ಮಿನಲ್ಲಿದೆ. ಸಿಂಥೆಟಿಕ್ ಪೈರಿಥ್ರಾಯ್ಡ್ ಗುಂಪಿನ ಕೀಟನಾಶಕಗಳು ಕೆಂಪು ನುಸಿಗಿಂತ ಅದನ್ನು ತಿನ್ನುವ ನುಸಿಯನ್ನು ಹೆಚ್ಚಾಗಿ ಕೊಲ್ಲುತ್ತವೆ. ಕಾಯಿಕೊರಕಕ್ಕೆಂದು ಹೊಡೆದ ಕೆಲವೇ ದಿನಗಳಲ್ಲಿ ಕೆಂಪು ನುಸಿ ಉಲ್ಬಣಿಸುವುದಕ್ಕೆ ಇದೊಂದು ಮುಖ್ಯ ಕಾರಣ. ಎಲೆಯ ಮೇಲೆ ಕೂರುವ ರಸ್ತೆ ಧೂಳೂ ಬೇಟೆಗಾರನಿಗೆ ತೊಂದರೆ, ಪೀಡೆಗೆ ಅನುಕೂಲ.

ಹತ್ತುಪಟ್ಟು ದೊಡ್ಡದಾಗಿ ತೋರುವ ಕೈಮಸೂರವಿದ್ದರೆ ಎರಡನ್ನೂ ಬೇರೆ ಮಾಡಿ ನೋಡಬಹುದು. ಬೀನ್ಸ್ ಎಲೆ ಮಗುಚಿದಾಗ ಬಲೆಯೊಳಗೆ ನಿಧಾನವಾಗಿ ಸರಿದಾಡುವುದು ಪೀಡೆ. ಹೊಳೆಯುವ ಮೈಯದು, ಎಂಟು ಕಾಲಿನಲ್ಲಿ ಸರಸರನೆ ಓಡುವುದು ಬೇಟೆಗಾರ. ತೆಂಗಿನ ಎಳೆಗಾಯಿಯಾದರೆ ಎಸಳನ್ನು ಚಾಕುವಿನಿಂದ ಎಬ್ಬಿಸಿ ನೋಡಬೇಕು. ಓಡುವ ನುಸಿ ಕಂಡ ತೋಟದಲ್ಲಿ ಔಷಧ ಬೆರೆಸುವ ಮೊದಲು ಆ ಕಾಯಿಯನ್ನೋ ಎಲೆಯನ್ನೋ ಹಾಸನದ ಕಂದಲಿಯಲ್ಲಿರುವ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಯ್ದು ತೋರಿಸಿ, ಬೇವಿನ ಔಷಧ ಸಾಕೇ, ಸಿಂಪಡಣೆಯೇ ಬೇಡವೇ ಎಂದು ಕೇಳಬಹುದು.