ಮೀನುಗಾರಿಕಾ ದೋಣಿಗಳ ಒಳ ಇಂಜಿನ್: ನಿಷೇಧದ ಅವಧಿಯಲ್ಲಿ ಸಂರಕ್ಷಣೆ

ಕರ್ನಾಟಕದ ಕರಾವಳಿಯಲ್ಲಿ ಪ್ರತಿ ವರ್ಷ ಜೂನ್ 1 ರಿಂದ ಜುಲೈ 31 ರವರೆಗೆ, 61 ದಿನಗಳ ಕಾಲ, ಯಾಂತ್ರೀಕೃತ ದೋಣಿಗಳು ಹಾಗೂ 10 ಅಶ್ವಶಕ್ತಿಗಿಂತ ಹೆಚ್ಚಿನ ಮೋಟಾರು ಅಳವಡಿಸಿದ ನಾಡದೋಣಿಗಳು ಮೀನುಗಾರಿಕೆ ನಡೆಸುವುದನ್ನು ನಿಷೇಧಿಸಲಾಗುತ್ತದೆ. ಈ ಅವಧಿಯಲ್ಲಿ ಮಂಗಳೂರು, ಮಲ್ಪೆ, ಕಾರವಾರ ಮುಂತಾದ ಬಂದರುಗಳಲ್ಲಿ ದೋಣಿಗಳು ಲಂಗರು ಹಾಕಿರುತ್ತವೆ. ನಿಂತ ಇಂಜಿನ್ ಕೆಡುವುದಿಲ್ಲವೆಂಬ ಭಾವನೆ ಸರಿಯಲ್ಲ.

ಶೀತ ದೇಶಗಳ ನಿಯಮ ಮತ್ತು ನಮ್ಮ ಪರಿಸ್ಥಿತಿ

ಇಂಜಿನ್ ಕೈಪಿಡಿಗಳಲ್ಲಿ ಚಳಿಗಾಲದ ಸಂರಕ್ಷಣೆಯ ಸೂಚನೆಗಳಿರುವುದುಂಟು. ನೀರು ಮಂಜುಗಡ್ಡೆಯಾದಾಗ ಅದರ ಗಾತ್ರವು ಸುಮಾರು ಶೇಕಡ 9 ರಷ್ಟು ಹೆಚ್ಚುವುದರಿಂದ ಇಂಜಿನ್‌ನ ಬ್ಲಾಕ್ ಸೀಳುತ್ತದೆ. ನಮ್ಮ ಕರಾವಳಿಯಲ್ಲಿ ಈ ಭಯವಿಲ್ಲ. ಆದರೆ ಅದೇ ನಾಳಗಳಲ್ಲಿ ಉಳಿದ ಉಪ್ಪುನೀರು ಎರಡು ತಿಂಗಳು ಲೋಹವನ್ನು ಕೊರೆಯುತ್ತದೆ. ಆದ್ದರಿಂದ ನೀರನ್ನು ಹೊರಹಾಕುವ ಕ್ರಮವು ಇಲ್ಲಿಯೂ ಅವಶ್ಯಕವಾಗಿದೆ.

ಅನುಸರಿಸಬೇಕಾದ ಕ್ರಮಗಳು

1. ಕೊನೆಯ ಯಾನದ ನಂತರ ಸಮುದ್ರದ ನೀರಿನ ಕವಾಟವನ್ನು ಮುಚ್ಚಿ, ಪಂಪಿನ ಹೀರುವ ಕೊಳವೆಯನ್ನು ಸಿಹಿನೀರಿನ ಡ್ರಮ್ಮಿನಲ್ಲಿ ಇರಿಸಿ ಇಂಜಿನ್ ಚಾಲನೆ ಮಾಡತಕ್ಕದ್ದು. ಡ್ರಮ್ ಬರಿದಾಗಲು ಬಿಡಬಾರದು.

2. ಇಂಜಿನ್ ಬೆಚ್ಚಗಿರುವಾಗಲೇ ಹಳೆಯ ಎಣ್ಣೆಯನ್ನು ತೆಗೆದು, ಫಿಲ್ಟರ್ ಸಹಿತ ಹೊಸದನ್ನು ಹಾಕಬೇಕು. ಹಳೆಯ ಎಣ್ಣೆಯಲ್ಲಿನ ಆಮ್ಲ ಮತ್ತು ತೇವಾಂಶವು ಬೇರಿಂಗ್‌ಗಳಿಗೆ ಹಾನಿಕರ.

3. ಸಮುದ್ರದ ನೀರು ಹರಿಯುವ ಭಾಗಗಳ ತಳದ ನಲ್ಲಿಗಳನ್ನು ತೆರೆದು ನೀರನ್ನು ಪೂರ್ಣವಾಗಿ ಬರಿದು ಮಾಡಬೇಕು. ನಲ್ಲಿ ತೆರೆದರೂ ನೀರು ಬಾರದಿದ್ದಲ್ಲಿ ಕೆಸರು ಕಟ್ಟಿರುವ ಸಾಧ್ಯತೆಯಿದ್ದು, ತಂತಿಯಿಂದ ಬಿಡಿಸಬೇಕು.

4. ಪಂಪಿನ ರಬ್ಬರ್ ಚಕ್ರವನ್ನು ತೆಗೆದಿರಿಸಬೇಕು. ಸವೆದ ಸತುವಿನ ತುಂಡುಗಳನ್ನು ಬದಲಿಸಬೇಕು.

5. ಖಾಲಿ ಟ್ಯಾಂಕಿನಲ್ಲಿ ಗಾಳಿಯ ತೇವವು ನೀರಾಗಿ ಡೀಸೆಲ್‌ನಲ್ಲಿ ಸೇರುವುದರಿಂದ, ಟ್ಯಾಂಕನ್ನು ತುಂಬಿಸಿಡುವುದು ಸೂಕ್ತ.

6. ಬ್ಯಾಟರಿಯ ಸಂಪರ್ಕ ಕಡಿದು, ತಿಂಗಳಿಗೊಮ್ಮೆ ಚಾರ್ಜ್ ಮಾಡಬೇಕು.

7. ಗಾಳಿ ಮತ್ತು ಹೊಗೆಯ ದ್ವಾರಗಳನ್ನು ಮುಚ್ಚಬೇಕು.

ಮುಚ್ಚಿದ ಸುತ್ತಿನಲ್ಲಿ ಬಳಸುವ ಕೂಲೆಂಟ್‌ನಲ್ಲಿ ತುಕ್ಕು ನಿರೋಧಕವಿರುವುದರಿಂದ, ಚಳಿಯಿಲ್ಲದಿದ್ದರೂ ಅದರ ಬದಲು ಬರೀ ನೀರು ತುಂಬಬಾರದು. ಎಥಿಲೀನ್ ಗ್ಲೈಕಾಲ್ ಇರುವ ಕೂಲೆಂಟ್ ರುಚಿಯಲ್ಲಿ ಸಿಹಿಯಾದರೂ ವಿಷಕಾರಿ. ಆದುದರಿಂದ ಅದನ್ನು ಮಕ್ಕಳ ಹಾಗೂ ಜಾನುವಾರುಗಳ ಕೈಗೆಟುಕದಂತೆ ಇಡಬೇಕು. ಹಳೆಯ ಕೂಲೆಂಟ್ ಮತ್ತು ಎಣ್ಣೆಯನ್ನು ಬಂದರಿನ ನೀರಿಗೆ ಸುರಿಯಬಾರದು.

ವಿಶೇಷ ಗಮನಕ್ಕೆ

ಮುಚ್ಚಿದ ಕವಾಟ, ಕಳಚಿದ ಪಂಪಿನ ಚಕ್ರ ಮತ್ತು ಮುಚ್ಚಿದ ದ್ವಾರಗಳ ಪಟ್ಟಿಯನ್ನು ರಟ್ಟಿನ ಮೇಲೆ ಬರೆದು ಇಂಜಿನ್ ಕೀಲಿಗೆ ಕಟ್ಟಿಡಬೇಕು. ಆಗಸ್ಟ್‌ನಲ್ಲಿ ಅವಸರದಿಂದ ಹೊರಟಾಗ ಕವಾಟ ತೆರೆಯಲು ಮರೆತಲ್ಲಿ, ತಂಪುಮಾಡುವ ನೀರಿಲ್ಲದೆ ಇಂಜಿನ್ ಕೆಲವೇ ನಿಮಿಷಗಳಲ್ಲಿ ಕಾದು ಹಾಳಾಗುತ್ತದೆ. ಆ ತಿಂಗಳಲ್ಲಿ ಸಮುದ್ರವು ಇನ್ನೂ ಪೂರ್ಣ ಶಾಂತವಾಗಿರುವುದಿಲ್ಲ. ಅಳಿವೆಯ ಅಲೆಗಳ ನಡುವೆ ಇಂಜಿನ್ ನಿಂತರೆ ದೋಣಿಯಷ್ಟೇ ಅಲ್ಲ, ಅದರಲ್ಲಿರುವವರ ಜೀವವೂ ಅಪಾಯಕ್ಕೆ ಸಿಲುಕುತ್ತದೆ. ಮೊದಲ ಯಾನಕ್ಕೂ ಮುನ್ನ ಬಂದರಿನಲ್ಲಿಯೇ ಇಂಜಿನ್ ಚಾಲೂ ಮಾಡಿ, ಹೊರಬರುವ ನೀರನ್ನು ಕಣ್ಣಾರೆ ನೋಡತಕ್ಕದ್ದು.

ಈ ಅವಧಿಯಲ್ಲಿ ಇಂಜಿನ್ ಬದಲಾಯಿಸಿದ ಮಾಲೀಕರು, ಹೊಸ ಇಂಜಿನ್‌ನ ಸಂಖ್ಯೆ ಮತ್ತು ಅಶ್ವಶಕ್ತಿಯನ್ನು ದೋಣಿಯ ನೋಂದಣಿ ದಾಖಲೆಯಲ್ಲಿ ಸೇರಿಸುವ ಕುರಿತು ಸಮೀಪದ ಮೀನುಗಾರಿಕೆ ಇಲಾಖೆಯ ಕಚೇರಿಯನ್ನು ಸಂಪರ್ಕಿಸಬಹುದು.