ರೋಗಾಣುವಿನ ವಂಶಾವಳಿ

ಸುರಪುರದ ಬಳಿಯ ಹಳ್ಳಿಯೊಂದರಲ್ಲಿ ಒಬ್ಬ ರೈತನು ಟ್ರ್ಯಾಕ್ಟರಿನಿಂದ ಬಿದ್ದು ಕಾಲು ಮುರಿದುಕೊಂಡನೆಂದು ಭಾವಿಸೋಣ. ಅವನನ್ನು ಮೊದಲು ಸುರಪುರದ ಆಸ್ಪತ್ರೆಗೆ, ಅಲ್ಲಿಂದ ಶಹಾಪುರದ ಮಾರ್ಗವಾಗಿ ಯಾದಗಿರಿಗೆ, ಕೊನೆಗೆ ಕಲಬುರಗಿಗೆ ಸಾಗಿಸುತ್ತಾರೆ. ಹತ್ತನೆಯ ದಿನ ಗಾಯದಲ್ಲಿ ಕೀವು ತುಂಬಿ ಜ್ವರವೇರುತ್ತದೆ. ಕೊಟ್ಟ ಔಷಧವಾವುದೂ ನಾಟುವುದಿಲ್ಲ. ಈ ರೋಗಾಣು ಅವನಿಗೆ ಅಂಟಿದುದೆಲ್ಲಿ? ಮೂರು ಆಸ್ಪತ್ರೆಗಳಲ್ಲಿ ಯಾವುದರಲ್ಲಿ? ಅಥವಾ ಮನೆಯಿಂದ ಹೊರಡುವಾಗಲೇ ಅದು ಅವನ ಕರುಳಿನಲ್ಲಿದ್ದಿತೆ? ಇದು ಬರಿಯ ಕುತೂಹಲದ ಪ್ರಶ್ನೆಯಲ್ಲ. ಈಗಿರುವ ವಾರ್ಡಿನಲ್ಲಿಯೇ ಅದು ಅಂಟಿದುದಾದರೆ ಪಕ್ಕದ ಹಾಸಿಗೆಯವನಿಗೆ ನಾಳೆ ಅದೇ ಗತಿ ಬರಬಹುದು.

ಆಸ್ಪತ್ರೆಯ ಪ್ರಯೋಗಶಾಲೆಯಲ್ಲಿ ಕೀವಿನ ರೋಗಾಣುಗಳನ್ನು ಬೆಳೆಯಿಸಿ, ಅವುಗಳ ಮೇಲೆ ಒಂದೊಂದು ಔಷಧವನ್ನೂ ಪರೀಕ್ಷಿಸುತ್ತಾರೆ. 'ಇದು ಕ್ಲೆಬ್ಸಿಯೆಲ್ಲ ಎಂಬ ಜಾತಿಯದು. ಉಳಿದ ಔಷಧಗಳು ಸೋತಾಗ ಬಳಸುವ ಕಾರ್ಬಪೆನೆಮ್‌ಗೂ ಇದು ಬಗ್ಗದು' ಎಂದು ಆ ಪರೀಕ್ಷೆ ತಿಳಿಸೀತು. ಆದರೆ ಇಬ್ಬರು ರೋಗಿಗಳಲ್ಲಿ ಕಂಡ ಕ್ಲೆಬ್ಸಿಯೆಲ್ಲಗಳು ಒಂದೇ ಮನೆತನದವೋ ಬೇರೆಯವೋ ಎಂಬುದನ್ನು ಅದು ಹೇಳಲಾರದು. ಅದಕ್ಕೆ ರೋಗಾಣುವಿನ ಡಿ.ಎನ್.ಎ.ಯನ್ನೇ ಓದಬೇಕು.

ಕ್ಲೆಬ್ಸಿಯೆಲ್ಲದ ಸಮಗ್ರ ಡಿ.ಎನ್.ಎ., ಅಂದರೆ ಅದರ ಜೀನೋಮ್, ನಾಲ್ಕೇ ಅಕ್ಷರಗಳ ಲಿಪಿಯಲ್ಲಿ ಬರೆದ ಸುಮಾರು 55 ಲಕ್ಷ ಅಕ್ಷರಗಳ ಗ್ರಂಥ. ಅಣುಜೀವಿ ಎರಡಾಗಿ ಒಡೆಯುವಾಗಲೆಲ್ಲ ಈ ಗ್ರಂಥದ ನಕಲಾಗಬೇಕು. ಸುರಪುರ ಸೀಮೆಯ ಮುದನೂರಿನ ದೇವರ ದಾಸಿಮಯ್ಯನ ವಚನಗಳು ನಮ್ಮವರೆಗೆ ಬಂದುದೂ ನಕಲಿನಿಂದಲೇ ಎಂಬುದನ್ನು ವಾಚಕರು ಬಲ್ಲರು. ಓಲೆಯಿಂದ ಓಲೆಗೆ ಬರೆದುಕೊಳ್ಳುವಾಗ ಲಿಪಿಕಾರನ ಕೈ ಅಲ್ಲಲ್ಲಿ ತಪ್ಪುವುದು ಸಹಜ. ಒಂದೇ ವಿಲಕ್ಷಣವಾದ ತಪ್ಪು ಎರಡು ಪ್ರತಿಗಳಲ್ಲಿ ಕಂಡುಬಂದರೆ ಅವೆರಡಕ್ಕೂ ಮೂಲ ಒಂದೇ ಎಂದು ಗ್ರಂಥಸಂಪಾದಕರು ತರ್ಕಿಸುವರು. ರೋಗಾಣುವಿನಲ್ಲಿಯೂ ಇದೇ ತರ್ಕ. ಅದರಲ್ಲಿ ವರ್ಷಕ್ಕೆ ಉಳಿದುಕೊಳ್ಳುವ ತಪ್ಪುಗಳು ಕೆಲವೇ ಕೆಲವು. ಎರಡು ಮಾದರಿಗಳ ನಡುವಣ ವ್ಯತ್ಯಾಸ ನಾಲ್ಕಾರು ಅಕ್ಷರಗಳಷ್ಟೇ ಆದರೆ ಅವು ಇತ್ತೀಚೆಗೆ ಅಗಲಿದ ದಾಯಾದಿಗಳು. ಸಾವಿರಾರು ಆದರೆ ಅವುಗಳ ಸಂಬಂಧ ಬಲು ಹಳೆಯದು.

ಓದುವುದು ಹೇಗೆ? ಇಲ್ಲಿ ಭೌತಶಾಸ್ತ್ರದವರಾದ ನಮಗೆ ಸ್ವಲ್ಪ ಹೆಮ್ಮೆಯುಂಟು. ಡಿ.ಎನ್.ಎ.ಯನ್ನು ಕೆಲವು ನೂರು ಅಕ್ಷರಗಳ ಚೂರುಗಳನ್ನಾಗಿ ಮಾಡಿ, ಪ್ರತಿಯೊಂದು ಚೂರಿಗೂ ಜೊತೆಯ ಎಳೆಯನ್ನು ಒಂದೊಂದೇ ಅಕ್ಷರದಂತೆ ಕಟ್ಟುತ್ತಾ ಹೋಗುತ್ತಾರೆ. ಅಕ್ಷರಗಳಿಗೆ ಹೊಳೆಯುವ ಬಣ್ಣಗಳನ್ನು ಅಂಟಿಸಿರುವುದರಿಂದ ಯಾವ ಅಕ್ಷರ ಸೇರಿತೆಂಬುದು ಆ ಬೆಳಕಿನಿಂದ ತಿಳಿಯುತ್ತದೆ. ಲಕ್ಷಾಂತರ ಚೂರುಗಳ ಹೊಳಪನ್ನು ಕ್ಯಾಮರಾ ಒಮ್ಮೆಗೇ ಹಿಡಿಯುತ್ತದೆ; ಚೂರುಗಳನ್ನು ಜೋಡಿಸುವ ಕೆಲಸ ಗಣಕಯಂತ್ರದ್ದು. ಅಣುಜೀವಿಯೊಂದರ ಜೀನೋಮನ್ನು ಮೊದಲ ಸಲ ಪೂರ್ಣವಾಗಿ ಓದಿ ಪ್ರಕಟಿಸಿದುದು 1995ರಲ್ಲಿ. ಅಂದು ಅದೊಂದು ಸಾಹಸ. ಇಂದು ಕೆಲವು ದಿನಗಳ ಕೆಲಸ.

ಇದರ ಪ್ರಯೋಜನವನ್ನು ಜಗತ್ತಿಗೆ ಮನಗಾಣಿಸಿದುದು ಅಮೆರಿಕದ ಬೆಥೆಸ್ಡಾದಲ್ಲಿರುವ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಆಸ್ಪತ್ರೆಯ ಪ್ರಕರಣ. 2011ರ ಜೂನ್‌ನಲ್ಲಿ ಕಾರ್ಬಪೆನೆಮ್‌ಗೆ ಬಗ್ಗದ ಕ್ಲೆಬ್ಸಿಯೆಲ್ಲವಿದ್ದ ರೋಗಿಯೊಬ್ಬರು ಅಲ್ಲಿಗೆ ಬಂದರು. ಅವರನ್ನು ಪ್ರತ್ಯೇಕವಾಗಿರಿಸಿದರು, ಜುಲೈನಲ್ಲಿ ಅವರು ಹಿಂದಿರುಗಿದರು. ಮೂರು ವಾರಗಳ ತರುವಾಯ ಮತ್ತೊಬ್ಬರಲ್ಲಿ ಅಂಥದೇ ರೋಗಾಣು ಕಂಡಿತು. ಮೊದಲ ರೋಗಿ ಹೋಗಿ ಅಷ್ಟು ದಿನಗಳಾಗಿದ್ದುದರಿಂದ, ಇದು ಹೊರಗಿನಿಂದ ಬಂದ ಬೇರೊಂದು ರೋಗಾಣುವೇ ಎಂಬ ಸಂದೇಹ ಉಂಟಾಯಿತು. ವರ್ಷ ಮುಗಿಯುವ ವೇಳೆಗೆ ಒಟ್ಟು 18 ಮಂದಿಗೆ ಅದು ತಗುಲಿದ್ದಿತು. ಅವರಲ್ಲಿ 11 ಮಂದಿ ತೀರಿಕೊಂಡರು; ಆರು ಸಾವುಗಳಿಗೆ ಈ ರೋಗಾಣುವೇ ಕಾರಣವೆಂದು ನಿರ್ಣಯಿಸಲಾಯಿತು. ಜೀನೋಮುಗಳನ್ನು ಓದಿ ಹೋಲಿಸಿದಾಗ ಎಲ್ಲವೂ ಆ ಮೊದಲ ರೋಗಿಯಿಂದಲೇ ಹರಡಿದುವೆಂದು ತಿಳಿಯಿತು. ರೋಗಾಣು ಪತ್ತೆಯಾದ ಕ್ರಮವೂ ಅಂಟಿದ ಕ್ರಮವೂ ಒಂದೇ ಆಗಿರಲಿಲ್ಲ. ಹೊರಗೆ ಯಾವ ಚಿಹ್ನೆಯನ್ನೂ ತೋರದವರು ನಡುವೆ ಅದನ್ನು ಹೊತ್ತಿದ್ದರು. ಶುಚಿಗೊಳಿಸಿದ್ದ ಉಸಿರಾಟದ ಯಂತ್ರವೊಂದರಲ್ಲಿಯೂ ಅದು ಅಡಗಿದ್ದಿತು!

ನಮ್ಮ ನಾಡಿನಲ್ಲಿಯೂ ಈ ಕೆಲಸ ನಡೆದಿದೆ. ಬೆಂಗಳೂರಿನ ಕೆಂಪೇಗೌಡ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಕೇಂದ್ರ ಸಂಶೋಧನಾ ಪ್ರಯೋಗಾಲಯದಲ್ಲಿ ಡಾ. ಕೆ. ಎಲ್. ರವಿಕುಮಾರ್ ಮತ್ತು ಸಂಗಡಿಗರು, ಬ್ರಿಟನ್, ಕೊಲಂಬಿಯ, ನೈಜೀರಿಯ ಹಾಗೂ ಫಿಲಿಪ್ಪೀನ್ಸ್‌ಗಳ ವಿಜ್ಞಾನಿಗಳೊಡನೆ ಸೇರಿದ ಯೋಜನೆಯೊಂದರಲ್ಲಿ, ದೇಶದ ಹಲವು ಆಸ್ಪತ್ರೆಗಳ ಕ್ಲೆಬ್ಸಿಯೆಲ್ಲಗಳ ಜೀನೋಮುಗಳನ್ನು ಓದಿ 2021ರಲ್ಲಿ ಪ್ರಕಟಿಸಿದರು. 231, 147, 14 ಎಂಬ ಸಂಖ್ಯೆಗಳಿಂದ ಗುರುತಿಸುವ ಮೂರು ಸಂತತಿಗಳು ಅವುಗಳಲ್ಲಿ ಪ್ರಧಾನವಾಗಿದ್ದುವು. ಕಾರ್ಬಪೆನೆಮನ್ನು ಒಡೆಯುವ ಕಿಣ್ವದ ಜೀನುಗಳೂ ಅವುಗಳಲ್ಲಿ ಕಂಡುಬಂದುವು.

ಅಂಥ ಜೀನುಗಳಲ್ಲೊಂದು ಇರುವುದು ಮುಖ್ಯ ಗ್ರಂಥದಲ್ಲಲ್ಲ. ಪ್ಲಾಸ್ಮಿಡ್ ಎಂಬ, ಸುಮಾರು ಆರು ಸಾವಿರ ಅಕ್ಷರಗಳ ಪುಟ್ಟ ಉಂಗುರದಲ್ಲಿ. ಪ್ಲಾಸ್ಮಿಡ್‌ಗಳು ಒಂದು ಅಣುಜೀವಿಯಿಂದ ಸಂಬಂಧವೇ ಇಲ್ಲದ ಮತ್ತೊಂದಕ್ಕೆ ದಾಟಬಲ್ಲವು. ಆದುದರಿಂದ ರೋಗಾಣುವಿನ ವಂಶವೃಕ್ಷವೊಂದನ್ನೇ ಬರೆದುಕೊಂಡರೆ ಸಾಲದು, ಉಂಗುರದ ಸಂಚಾರವನ್ನೂ ಪ್ರತ್ಯೇಕವಾಗಿ ಹಿಂಬಾಲಿಸಬೇಕಾಗುತ್ತದೆ. ಉದ್ದವಾದ ಎಳೆಗಳನ್ನು ಅತಿಸಣ್ಣ ರಂಧ್ರದ ಮೂಲಕ ಹಾಯಿಸಿ, ಆಗ ವಿದ್ಯುತ್ಪ್ರವಾಹದಲ್ಲಾಗುವ ಏರಿಳಿತದಿಂದ ಅಕ್ಷರಗಳನ್ನು ಗುರುತಿಸುವ ಅಂಗೈಯಗಲದ ಉಪಕರಣವೂ ಈಗ ಬಂದಿದೆ. ಉಂಗುರಗಳನ್ನು ಇಡಿಯಾಗಿ ಓದಲು ಅದು ಅನುಕೂಲ. ಆದರೆ ಯಾದಗಿರಿಯಲ್ಲಾಗಲಿ ಬೆಥೆಸ್ಡಾದಲ್ಲಾಗಲಿ, ಯಂತ್ರಕ್ಕಿಂತ ಮೊದಲು ಆಗಬೇಕಾದುದು ಒಂದುಂಟು: ಔಷಧದ ಮೊದಲ ಸೂಜಿ ಚುಚ್ಚುವ ಮುನ್ನವೇ ಕೀವನ್ನೋ ರಕ್ತವನ್ನೋ ತೆಗೆದು ಪ್ರಯೋಗಶಾಲೆಗೆ ಕಳುಹಿಸಿ, ಬೆಳೆದ ರೋಗಾಣುವನ್ನು ದಿನಾಂಕ, ವಾರ್ಡು, ಹಾಸಿಗೆಗಳ ವಿವರದೊಡನೆ ಶೀತಪೆಟ್ಟಿಗೆಯಲ್ಲಿ ಕಾಪಾಡಿಡಬೇಕು.