ಸಲಹೆಯಿಂದ ಅಧಿಕಾರಕ್ಕೆ: ಮೈಸೂರಿನ ಪ್ರಜಾಪ್ರತಿನಿಧಿ ಸಭೆ

ಅರಸನಾದವನು ಏಕಾಂಗಿಯಾಗಿ ಆಳಬಾರದೆಂಬ ವಿಚಾರ ನಮ್ಮ ದೇಶಕ್ಕೆ ಹೊಸದಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿಯೇ ಮಂತ್ರಿಪರಿಷತ್ತಿನ ವಿವೇಚನೆಯುಂಟು. ಆದರೆ ನೇಗಿಲು ಹಿಡಿಯುವ ಒಕ್ಕಲಿಗನನ್ನು ರಾಜಧಾನಿಗೆ ಕರೆಯಿಸಿ, ಕುಳ್ಳಿರಿಸಿ, ಅವನ ಅಹವಾಲನ್ನು ಆಲಿಸುವ ಏರ್ಪಾಡು ದೇಶೀಯ ಸಂಸ್ಥಾನಗಳಲ್ಲಿ ಮೊದಲಿಗೆ ರೂಪುಗೊಂಡುದು 1881ರಲ್ಲಿ, ಮೈಸೂರಿನಲ್ಲಿ. ಆಗ ತಂಬೂರಿನ ಸುತ್ತಲಿನ ಕಲಘಟಗಿ ಸೀಮೆ ಮುಂಬಯಿ ಇಲಾಖೆಗೆ ಸೇರಿ ಆಂಗ್ಲರ ನೇರ ಆಳ್ವಿಕೆಯಲ್ಲಿದ್ದಿತು. ಕುಂದಗೋಳ ಜಮಖಂಡಿಯ ಪಟವರ್ಧನರ ಸಂಸ್ಥಾನಕ್ಕೆ ಒಳಪಟ್ಟಿದ್ದಿತು. ಹೀಗೆ ಹರಿದು ಹಂಚಿಹೋಗಿದ್ದ ಕನ್ನಡನಾಡಿನ ಒಂದು ಭಾಗದಲ್ಲಿ ನಡೆದ ಈ ಪ್ರಯೋಗ ಇಡೀ ನಾಡಿಗೆ ವಿಚಾರಾರ್ಹವಾದುದು.

1831ರಲ್ಲಿ ಮೈಸೂರಿನ ಆಡಳಿತವನ್ನು ಕೈವಶ ಮಾಡಿಕೊಂಡ ಆಂಗ್ಲರು ಐವತ್ತು ವರ್ಷಗಳ ತರುವಾಯ, 1881ರ ಮಾರ್ಚ್ 25ರಂದು, ಅದನ್ನು ಹತ್ತನೆಯ ಚಾಮರಾಜೇಂದ್ರ ಒಡೆಯರಿಗೆ ಮರಳಿ ಒಪ್ಪಿಸಿದರು. ಒಪ್ಪಿಸುವಾಗ ಕಟ್ಟುಪಾಡುಗಳನ್ನು ವಿಧಿಸಿದರು. ಹಣಕಾಸು, ಕಂದಾಯ, ತೆರಿಗೆ, ನ್ಯಾಯಾಡಳಿತ ಮುಂತಾದ ವಿಷಯಗಳಲ್ಲಿ ಗವರ್ನರ್ ಜನರಲರು ನೀಡುವ ಸಲಹೆಗೆ ಮಹಾರಾಜರು ಅನುಸಾರವಾಗಿ ನಡೆಯತಕ್ಕದ್ದೆಂಬುದು ಅವುಗಳಲ್ಲೊಂದು. ಹೆಸರಿಗೆ ಅದು ಸಲಹೆ, ವಸ್ತುತಃ ಆಜ್ಞೆ. ಮಹಾರಾಜರಿಗೆ ನೆರವಾಗಲು ದಿವಾನರ ಅಧ್ಯಕ್ಷತೆಯಲ್ಲಿ ಅಧಿಕಾರಿಗಳ ಆಲೋಚನಾ ಸಭೆಯೂ ಏರ್ಪಟ್ಟಿತು.

ದಿವಾನ್ ಸಿ. ರಂಗಾಚಾರ್ಲು ಅಷ್ಟಕ್ಕೇ ನಿಲ್ಲಲಿಲ್ಲ. ಆಗಸ್ಟ್ 25ರ ಆಜ್ಞೆಯ ಮೇರೆಗೆ ತಾಲ್ಲೂಕಿಗೆ ಒಬ್ಬಿಬ್ಬರು ರೈತರು, ಜಿಲ್ಲೆಗೆ ಕೆಲವರು ಪ್ರಮುಖ ವರ್ತಕರು ಆರಿಸಲ್ಪಟ್ಟರು. ಅಕ್ಟೋಬರ್ 7ರಂದು, ದಸರೆಯ ಸಂದರ್ಭದಲ್ಲಿ, 144 ಮಂದಿ ಸೇರಿದರು. 1876–78ರ ಘೋರ ಕ್ಷಾಮ ಲಕ್ಷಾಂತರ ಜೀವಗಳನ್ನು ನುಂಗಿ ಸಂಸ್ಥಾನವನ್ನು ಸಾಲದಲ್ಲಿ ಕೆಡವಿದ್ದ ಕಾಲವದು. ದಿವಾನರು ಆಡಳಿತದ ಸ್ಥಿತಿಗತಿಗಳನ್ನು ಸಭೆಯ ಮುಂದಿಟ್ಟರು. ಸದಸ್ಯರು ಊರಿನ ಕೊರತೆಗಳನ್ನು ನಿವೇದಿಸಬಹುದಾಗಿದ್ದಿತು. ಆದರೆ ಅವರ ಮಾತಿಗೆ ಸರಕಾರವನ್ನು ಕಟ್ಟಿಹಾಕುವ ಬಲವಿರಲಿಲ್ಲ. ಬಲಿಷ್ಠನ ಸಲಹೆ ಆಜ್ಞೆಯಾದರೆ, ದುರ್ಬಲನ ಸಲಹೆ ಬಿನ್ನಹವಾಗಿಯೇ ಉಳಿಯುತ್ತದೆ ಎಂಬುದಕ್ಕೆ ಆ ಒಂದೇ ವರ್ಷ ಎರಡೂ ನಿದರ್ಶನಗಳನ್ನು ಒದಗಿಸಿತು.

ಹಾಗೆಂದು ಆ ಬಿನ್ನಹ ವ್ಯರ್ಥವಾಗಲಿಲ್ಲ. ರಂಗಾಚಾರ್ಲು 1883ರಲ್ಲಿ ಕಾಲವಶರಾದರೂ ಸಭೆ ಮುಂದುವರಿಯಿತು. ಕೆ. ಶೇಷಾದ್ರಿ ಅಯ್ಯರ್ ದಿವಾನರಾಗಿದ್ದ ಕಾಲದಲ್ಲಿ, 1891ರಲ್ಲಿ, ಚುನಾವಣೆಯ ಪದ್ಧತಿ ಬಂದಿತು. ಆದರೆ ಮತಾಧಿಕಾರ ಆಸ್ತಿವಂತರಾದ ಕೆಲವರಿಗೆ ಮಾತ್ರ ಮೀಸಲಾಗಿದ್ದಿತು. 1907ರಲ್ಲಿ ಪ್ರತ್ಯೇಕವಾದ ನ್ಯಾಯವಿಧಾಯಕ ಸಭೆ ಸ್ಥಾಪಿತವಾಯಿತು. 1923ರಲ್ಲಿ ಪ್ರಜಾಪ್ರತಿನಿಧಿ ಸಭೆಗೆ ಶಾಸನಬದ್ಧ ಸ್ಥಾನ ದೊರೆತು, ಹೊಸ ತೆರಿಗೆ ಹೇರುವ ಮುನ್ನ ಅದರ ಅಭಿಪ್ರಾಯ ಕೇಳುವುದು ಅಗತ್ಯವೆನಿಸಿತು. ಕೇಳುವುದು ಅಗತ್ಯವಾಯಿತೇ ಹೊರತು ಒಪ್ಪುವುದಲ್ಲ. ಸ್ವಾತಂತ್ರ್ಯಾನಂತರ, 1947ರಲ್ಲಿ, ಪ್ರಜೆಗಳು 'ಮೈಸೂರು ಚಲೋ' ಚಳವಳಿ ಹೂಡಿದ ಮೇಲೆಯೇ ಜವಾಬ್ದಾರಿ ಸರಕಾರ ಬಂದು, ಅಕ್ಟೋಬರ್ 25ರಂದು ಕೆ.ಸಿ. ರೆಡ್ಡಿಯವರು ಅದರ ಮುಖ್ಯಸ್ಥರಾದರು.

ಬಿನ್ನಹ ಅಧಿಕಾರವಾಗಲು 66 ವರ್ಷಗಳು ಬೇಕಾದವು. ಅಭಿಪ್ರಾಯ ಕೇಳಿದ ಮಾತ್ರಕ್ಕೆ ಪ್ರಜಾಪ್ರಭುತ್ವವಾಗದು. ಆದರೆ ಕೇಳುವ ಪದ್ಧತಿಯೇ ಇಲ್ಲದೆಡೆ ಹೇಳುವ ಧೈರ್ಯ ಬೆಳೆಯುವುದು ಕಷ್ಟ. ಇಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಕೆರೆಯ ಹೂಳಿನ ಲೆಕ್ಕ ಕೇಳುವ ರೈತನ ಹಿಂದೆ, ಅಂದು ದಸರೆಯಲ್ಲಿ ಸೇರಿದ್ದ 144 ಮಂದಿಯ ನೆರಳಿದೆ.